ಮೊದಲನೇ ಮೊಳೆಯ ಬಿಲ್ಲೆ

ಮೊದಲೇ ಹೇಳಿಬಿಡುತ್ತೇನೆ: ದೆವ್ವ, ಗಾಳಿ, ಸೋಂಕು ಎಂದು ಮಾತಾಡುವವರ ಜೊತೆ ಜಗಳವಾಡಿಕೊಂಡೇ ಬೆಳೆದವಳು ನಾನು. ಹೊಸಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷ ದುಡಿದಿದ್ದೇನೆ. ನನ್ನ ಕೈಯಲ್ಲೇ ಕಣ್ಣು ಮುಚ್ಚಿದವರು ಎಷ್ಟೋ ಮಂದಿ. ಅವರಲ್ಲಿ ಒಬ್ಬರಾದರೂ ತಿರುಗಿ ಬಂದು ‘ಸಿಸ್ಟರ್, ಸ್ವಲ್ಪ ನೀರು ಕೊಡ್ರಿ’ ಅಂದದ್ದಿಲ್ಲ. ಸತ್ತವರು ಸತ್ತರು, ಇದ್ದವರ ಬಿ.ಪಿ. ನೋಡು, ಇದೇ ನನ್ನ ಧರ್ಮವಾಗಿತ್ತು. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ ‘ಅವತ್ತು ಊಟ ಸರಿಯಾಗಿ ಮಾಡಿದ್ರೇನ್ರಿ?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ.

ಈಗ ನಾನೇ ಅಂಥದೊಂದನ್ನು ಹೇಳಲು ಕುಳಿತಿದ್ದೇನೆ. ನಗುವವರು ನಗಬಹುದು, ನನಗೇನೂ ಬೇಸರವಿಲ್ಲ. ಇಂಥವೆಲ್ಲ ರಾತ್ರಿ ಹೊತ್ತೇ ಆಗುತ್ತವೆ ಎಂದು ಜನ ಹೇಳುತ್ತಾರೆ. ನನಗಾದದ್ದು ಮಟಮಟ ಮಧ್ಯಾಹ್ನ, ಕಣ್ಣು ಕುಕ್ಕುವ ಬಿಸಿಲಿನಲ್ಲಿ, ಹೊಟ್ಟೆ ತುಂಬ ಉಂಡ ಮೇಲೆ. ಅಂದು ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಹೊಸಪೇಟೆಯಿಂದ ಕಮಲಾಪುರ ದಾಟಿ ಕಂಪ್ಲಿಯ ಕಡೆ ಹೊರಟರೆ, ಬಾಳೆತೋಟಗಳ ನಡುವೆ ನಿವೃತ್ತರಿಗಾಗಿ ಕಟ್ಟಿದ ಒಂದು ವಸತಿ ಇದೆ. ಹೆಸರು ಬೇಡ. ಬೋರ್ಡಿನ ಮೇಲೆ ಉದ್ದನೆಯ ಸಂಸ್ಕೃತ ಹೆಸರಿದೆ, ಸುತ್ತಲಿನ ಜನ ‘ಮುದುಕರ ಮನಿ’ ಎನ್ನುತ್ತಾರೆ, ಒಳಗಿದ್ದವರು ಮಾತ್ರ ‘ಕ್ಯಾಂಪು’ ಎನ್ನುತ್ತಾರೆ. ಅವರಲ್ಲಿ ಮುಕ್ಕಾಲು ಜನ ಗಣಿ ಕ್ಯಾಂಪು, ಕಾಲುವೆ ಕ್ಯಾಂಪುಗಳಲ್ಲಿ ಆಯುಷ್ಯ ಕಳೆದವರು. ನಾನು ಸೇರಿದಾಗ ಹದಿನೇಳು ಜನರಿದ್ದರು. ಸಂಡೂರಿನ ಗಣಿಗಳಲ್ಲಿ ದುಡಿದವರು, ಬಸ್ ಓಡಿಸಿದವರು, ಅಕ್ಕಿ ಗಿರಣಿಯಲ್ಲಿ ಇದ್ದವರು, ಒಬ್ಬ ಕನ್ನಡ ಮೇಷ್ಟ್ರು. ಯಾರೂ ಅಳುತ್ತ ಬಂದವರಲ್ಲ. ‘ಇಲ್ಲಿ ನಮ್ಮಂಥೋರು ಸಿಗ್ತಾರ’ ಎಂದು ಬೇಕೆಂದೇ ಬಂದವರು. ಬೆಳಗ್ಗೆ ಎದ್ದರೆ ಅಲ್ಲಿ ಕೆಮ್ಮಿಗಿಂತ ನಗೆಯ ಸದ್ದೇ ಜಾಸ್ತಿ.

ಅಲ್ಲಿ ಒಂಟಿ ಯಾರಾದರೂ ಇದ್ದರೆ ಅದು ನಾನು. ಗಂಡನ ಮನೆ ಬಿಟ್ಟು ಬಂದು ಎಂಟು ವರ್ಷವಾಗಿತ್ತು, ಅವ್ವ ತೀರಿ ಒಂದು ವರ್ಷ. ಕಂಪ್ಲಿಯಲ್ಲಿ ಒಂದು ಬಾಡಿಗೆ ಕೋಣೆ, ಬಸ್ಸಿನಲ್ಲಿ ಹೋಗಿ ಬರುವುದು, ಸಂಜೆ ಒಬ್ಬಳೇ ಅನ್ನ ಮಾಡಿ ಒಬ್ಬಳೇ ಉಣ್ಣುವುದು. ಅದನ್ನು ನಾನು ಕಷ್ಟ ಎಂದುಕೊಂಡಿರಲಿಲ್ಲ. ಯಾರ ಹಂಗೂ ಇಲ್ಲದೆ ಇದ್ದೇನೆ ಎಂದು ಜಂಬವೇ ಇತ್ತು. ಕೆಲಸಕ್ಕೆ ಸೇರಿದ ಮೊದಲ ದಿನ ಅಡುಗೆಯ ಯಂಕಮ್ಮ ‘ಬರ್ರಿ, ಎಲ್ಲಾರ ಜೋಡಿ ಕುಂದ್ರಿ’ ಎಂದು ತಟ್ಟೆ ಹಾಕಿದರೆ, ಡಬ್ಬಿ ತಂದಿದ್ದೇನೆ ಎಂದು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಉಂಡಿದ್ದೆ.

ಎರಡನೇ ವಾರ ಒಂದು ಫಜೀತಿಯಾಯಿತು. ಮೇಷ್ಟ್ರು ಬೆಳಗ್ಗೆ ಯಾರಿಗೂ ಹೇಳದೆ ಬಸ್ ಹತ್ತಿ ಹಂಪಿಗೆ ಹೋಗಿಬಿಟ್ಟಿದ್ದರು. ಮಧ್ಯಾಹ್ನ ಊಟಕ್ಕೆ ಇಲ್ಲದಾಗಲೇ ನಮಗೆ ಗೊತ್ತಾದದ್ದು. ಬಾವಿ ಇಣುಕಿದೆವು, ಕಾಲುವೆ ದಂಡೆ ನೋಡಿದೆವು, ಕಂಡಕಂಡವರಿಗೆ ಫೋನು ಮಾಡಿದೆವು. ದೀಪ ಹಚ್ಚುವ ಹೊತ್ತಿಗೆ ಆ ಮನುಷ್ಯ ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ನಗುನಗುತ್ತ ಬಂದರು. ‘ಎದುರು ಬಸವಣ್ಣನ ಹತ್ರ ಮಂಟಪದಾಗ ಗಾಳಿ ಭಾಳ ಚಲೋ ಇತ್ತು, ಕುಂತುಬಿಟ್ಟೆ’ ಎಂದರು. ನನಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಬೈದೆ.

ಮರುದಿನ ಬಸಣ್ಣನವರು ನನ್ನ ಕೋಣೆಗೆ ಬಂದರು. ಇವರು ಯಶವಂತನಗರದ ಹತ್ತಿರದ ಒಂದು ಗಣಿಯಲ್ಲಿ ಮೂವತ್ತೆರಡು ವರ್ಷ ಟೈಂ ಕೀಪರ್ ಆಗಿದ್ದವರು. ಅಂದರೆ ಕೂಲಿಗಳ ಹಾಜರಿ ನೋಡುವವರು. ಲಗ್ನವಾಗಿರಲಿಲ್ಲ. ತೆಳ್ಳನೆ ಆಳು, ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು.

‘ಗಣ್ಯಾಗ ಮುನ್ನೂರು ಮಂದೀನ ಕಾದೀನ್ರಿ ಸಿಸ್ಟರವ್ವಾ,’ ಎಂದರು. ‘ಹದಿನೇಳು ಮಂದಿ ನನಗ ಯಾವ ದೊಡ್ಡ ಮಾತು? ಒಂದು ಹಲಗಿ, ಒಂದಿಷ್ಟು ಮೊಳಿ ಕೊಡಿಸ್ರಿ. ಉಳಿದದ್ದು ನನಗ ಬಿಡ್ರಿ.’

ಅವರ ಹತ್ತಿರ ಎರಡು ಹಳೆಯ ಹಿತ್ತಾಳೆ ತಾಟುಗಳಿದ್ದವು. ಅವನ್ನು ಹೊಸಪೇಟೆಯ ಪಾತ್ರೆ ಅಂಗಡಿಗೆ ಒಯ್ದು, ರೂಪಾಯಿಗಿಂತ ಸ್ವಲ್ಪ ದೊಡ್ಡದಾದ ದುಂಡನೆಯ ಬಿಲ್ಲೆಗಳಾಗಿ ಕತ್ತರಿಸಿಕೊಂಡು ಬಂದರು. ಹತ್ತೊಂಬತ್ತು ಬಂದವು. ಪ್ರತಿಯೊಂದಕ್ಕೂ ಮೇಲೊಂದು ತೂತು ಕೊರೆದು, ಮೊಳೆ ಮತ್ತು ಸುತ್ತಿಗೆ ಹಿಡಿದು ಚುಕ್ಕೆ ಚುಕ್ಕೆಯಾಗಿ ಕನ್ನಡದ ಅಂಕಿ ಬಡಿದರು. ಮೊದಲನೆಯದು ಅವರದು. ಅದನ್ನು ಬಡಿಯುವಾಗ ನಾನು ಮಾತ್ರೆ ಕೊಡಲು ಹೋಗಿ ಮೇಜಿಗೆ ಕೈ ತಾಗಿಸಿದೆ. ಮೊಳೆ ಜಾರಿ ಒಂದರ ಅಂಕಿಗೆ ಒಂದು ಗೀರು ಬಿತ್ತು, ಇಲಿಯ ಬಾಲದ ಹಾಗೆ. ನಾನು ಪೇಚಾಡಿದರೆ ಅವರು ನಕ್ಕರು. ‘ನಿಮ್ಮ ಸಹಿ ಬಿತ್ತು ಬಿಡ್ರಿ’ ಎಂದರು. ಈ ಗೀರನ್ನು ನೀವು ನೆನಪಿಟ್ಟುಕೊಳ್ಳಬೇಕು.

ಗೇಟಿನ ಒಳಗೆ, ವರಾಂಡದ ಗೋಡೆಗೆ ಹಲಗೆ ನಿಂತಿತು. ನಿಯಮ ಬಹಳ ಸರಳ. ಗೇಟು ದಾಟಿ ಹೊರಗೆ ಹೋಗುವವರು ತಮ್ಮ ಬಿಲ್ಲೆ ತೆಗೆದುಕೊಂಡು ಹೋಗಬೇಕು, ತಿರುಗಿ ಬಂದಾಗ ಅದೇ ಮೊಳೆಗೆ ಹಾಕಬೇಕು. ಬಿಲ್ಲೆ ಮೊಳೆಯ ಮೇಲಿದ್ದರೆ ಮನುಷ್ಯ ಒಳಗಿದ್ದಾನೆ. ಮೊಳೆ ಖಾಲಿಯಿದ್ದರೆ ಹೊರಗಿದ್ದಾನೆ. ಹಲಗೆಯ ಪಕ್ಕದಲ್ಲಿ ಒಂದು ಕಬ್ಬಿಣದ ಕುರ್ಚಿ ಹಾಕಿಕೊಂಡು ಬಸಣ್ಣನವರು ಪ್ರತಿ ಸಂಜೆ ಕೂರುತ್ತಿದ್ದರು. ಎಲ್ಲರ ಬಿಲ್ಲೆ ಬಂದು ಸೇರುವವರೆಗೆ ಚಹಾಕ್ಕೂ ಏಳುತ್ತಿರಲಿಲ್ಲ. ‘ಕಡೀ ಬಿಲ್ಲಿ ಬರೂತನ ಟೈಂ ಕೀಪರ್ ಏಳಂಗಿಲ್ಲ, ಅದು ಗಣಿ ಕಾಯ್ದೆ’ ಎನ್ನುತ್ತಿದ್ದರು.

ಹದಿನೆಂಟನೆಯದು ಯಂಕಮ್ಮನಿಗೆ. ಹತ್ತೊಂಬತ್ತನೆಯದನ್ನು ನನ್ನ ಮುಂದೆ ಹಿಡಿದರು. ನಾನು ಬೇಡ ಎಂದೆ. ‘ನಾನು ಇಲ್ಲಿ ಇರಾಕಿ ಅಲ್ರಿ, ಕೆಲಸಕ್ಕ ಬಂದಾಕಿ’ ಎಂದೆ.

‘ಕೆಲಸಕ್ಕ ಬಂದೋರಿಗೇ ಬಿಲ್ಲಿ ಕೊಡೋದು ಸಿಸ್ಟರವ್ವಾ,’ ಎಂದರು ಬಸಣ್ಣನವರು.

ಪಕ್ಕದಲ್ಲಿ ಎಲೆ ಅಡಿಕೆ ಜಗಿಯುತ್ತ ಕುಳಿತಿದ್ದ ಹುಲಿಗೆವ್ವ ಬಾಯಿ ಹಾಕಿದಳು. ‘ಇಸ್ಕೊಳವಾ ಸುಮ್ನ. ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು?’ ಎಲ್ಲರೂ ಹೋ ಎಂದು ನಕ್ಕರು. ನಾನು ಇಸಿದುಕೊಂಡೆ. ಸುಳ್ಳು ಯಾಕೆ ಹೇಳಲಿ, ಅವತ್ತು ಸಂಜೆ ಆ ಬಿಲ್ಲೆಯನ್ನು ಬ್ಲೌಸಿನೊಳಗೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತಾಗ ಕಣ್ಣಲ್ಲಿ ನೀರು ಬಂತು. ಎಷ್ಟೋ ವರ್ಷಗಳ ನಂತರ, ನಾನು ಬೆಳಗ್ಗೆ ಬರುತ್ತೇನೋ ಇಲ್ಲವೋ ಎಂದು ಕಾಯುವ ಒಂದು ಖಾಲಿ ಮೊಳೆ ಇತ್ತು. ಮರುದಿನದಿಂದ ಡಬ್ಬಿ ತರುವುದನ್ನು ಬಿಟ್ಟು ಎಲ್ಲರ ಸಾಲಿನಲ್ಲಿ ಕೂತೆ.

ಆಮೇಲಿನ ಎರಡು ವರ್ಷ ನನ್ನ ಬದುಕಿನ ಒಳ್ಳೆಯ ದಿನಗಳು. ಪ್ರತಿ ಅಮಾವಾಸ್ಯೆಗೆ ಬಸಣ್ಣನವರು ಅಷ್ಟೂ ಬಿಲ್ಲೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬಿಸಿಲಿಗೆ ಒಣಹಾಕುತ್ತಿದ್ದರು. ಯಾರಾದರೂ ತೀರಿಕೊಂಡರೆ ಅವರ ಬಿಲ್ಲೆಯನ್ನು ತಿರುವಿ, ಅಂಕಿ ಗೋಡೆಯ ಕಡೆಗೆ ಬರುವಂತೆ ಹಾಕುತ್ತಿದ್ದರು. ತೆಗೆಯುತ್ತಿರಲಿಲ್ಲ. ‘ಪಾಳಿ ಮುಗದೈತಿ, ಹೆಸರು ಹೊಡದಿಲ್ಲ’ ಎನ್ನುತ್ತಿದ್ದರು. ಹೊಸಬರು ಬಂದರೆ ಅವರಿಗೆ ಹೊಸ ಮೊಳೆ, ಹೊಸ ಅಂಕಿ, ಬಿಲ್ಲೆ ಮಾತ್ರ ತಗಡಿನದು. ಹಿತ್ತಾಳೆ ಮುಗಿದುಹೋಗಿತ್ತು.

ಹುಲಿಗೆವ್ವನ ಬಗ್ಗೆ ಹೇಳಬೇಕು. ಆಕೆ ಸಂಡೂರು ಕಡೆಯ ವಡ್ಡು ಎಂಬ ಊರಿನವಳು, ಬಸಣ್ಣನವರಿದ್ದ ಗಣಿಯಲ್ಲೇ ತಲೆಯ ಮೇಲೆ ಅದಿರು ಹೊತ್ತವಳು. ಆಕೆಯ ಹೆಸರನ್ನು ಬಸಣ್ಣನವರು ದಿನಾ ಬೆಳಗ್ಗೆ ಕೂಗಿ ಕೂಗಿ, ಇಲ್ಲಿಯೂ ಗಂಟಲು ಎತ್ತಿಯೇ ಕರೆಯುತ್ತಿದ್ದರು. ಕ್ಯಾಂಪಿನಲ್ಲಿ ಆಕೆಯದು ಏಳನೇ ಬಿಲ್ಲೆ. ಬಾಯಿ ಜೋರು, ಕೈ ಧಾರಾಳ. ನನಗೆ ಜ್ವರ ಬಂದು ಮೂರು ದಿನ ಕೋಣೆಯಲ್ಲಿ ಬಿದ್ದಿದ್ದಾಗ, ಆ ವಯಸ್ಸಿನಲ್ಲಿ ಬಸ್ ಹತ್ತಿ ಕಂಪ್ಲಿಗೆ ಬಂದು ಗಂಜಿ ಕುಡಿಸಿ ಹೋದವಳು. ಆಮೇಲಾಮೇಲೆ ಆಕೆಗೆ ಮರೆವು ಶುರುವಾಯಿತು. ಮೊದಲು ಕನ್ನಡಕ, ಚೀಲ, ಚಪ್ಪಲಿ. ನಂತರ ವರ್ಷಗಳೇ ಮರೆತುಹೋಗತೊಡಗಿದವು. ಒಮ್ಮೊಮ್ಮೆ ತಾನಿನ್ನೂ ಗಣಿಯಲ್ಲಿ ದುಡಿಯುತ್ತಿದ್ದೇನೆ ಎಂದುಕೊಂಡು ಟವೆಲು ಸುತ್ತಿ ಸಿಂಬೆ ಮಾಡಿ ತಲೆಯ ಮೇಲೆ ಇಟ್ಟುಕೊಂಡು ಹೊರಡುತ್ತಿದ್ದಳು. ಗೇಟಿನಲ್ಲಿ ಬಸಣ್ಣನವರು ‘ಇವತ್ತು ಗಣಿಗೆ ಸೂಟಿ ಹುಲಿಗೆವ್ವಾ, ಒಳಗ ಹೋಗು’ ಎಂದರೆ ಮಾತಿಲ್ಲದೆ ತಿರುಗುತ್ತಿದ್ದಳು. ಬೇರೆ ಯಾರು ಹೇಳಿದರೂ ಕೇಳುತ್ತಿರಲಿಲ್ಲ.

ಅಂಥ ಬಸಣ್ಣನವರು ಒಂದು ಬೆಳಗಿನ ಜಾವ ಮಲಗಿದಲ್ಲೇ ಹೋಗಿಬಿಟ್ಟರು. ಒಂದು ವಾರ ಮೊದಲು, ಹಲಗೆಯ ಹತ್ತಿರ ಕೂತಾಗ ನನಗೆ ಹೇಳಿದ್ದರು: ‘ನಾ ಹೋದ್ರ ನನ್ನ ಬಿಲ್ಲಿ ತಿರುವಿ ಹಾಕಬ್ಯಾಡ್ರಿ. ನನ್ನ ಕೈಯಾಗ ಕೊಟ್ಟು ಕಳಸ್ರಿ. ಟೈಂ ಕೀಪರ್ ಮೊಳಿ ಖಾಲಿ ಇರಬೇಕು. ಅಲ್ಲಿ ಇನ್ನೊಬ್ರು ಬರಬೇಕು.’ ಹಾಗೆನ್ನುವಾಗ ನನ್ನ ಮುಖ ನೋಡಿದ್ದರು. ನಾನು ‘ಸುಮ್ನಿರ್ರಿ, ಏನೇನರ ಮಾತಾಡಬ್ಯಾಡ್ರಿ’ ಎಂದು ಬೈದು ಎದ್ದುಹೋಗಿದ್ದೆ.

ಅವರ ಜನರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ಎಡಗೈಯಲ್ಲಿ ಲಿಂಗ ಇಟ್ಟರು. ಬಲಗೈಯಲ್ಲಿ ನಾನು ಬಿಲ್ಲೆ ಇಟ್ಟೆ. ಬೆರಳು ಮಡಚಿ, ಬಿಚ್ಚಿಕೊಳ್ಳಬಾರದೆಂದು ಬ್ಯಾಂಡೇಜಿನ ಪಟ್ಟಿ ಸುತ್ತಿ ಗಂಟು ಹಾಕಿದೆ. ಗಾಯಕ್ಕೆ ಪಟ್ಟಿ ಕಟ್ಟಿ ಕಟ್ಟಿ ಪಳಗಿದ ಕೈ ನನ್ನದು, ನಾನು ಹಾಕಿದ ಗಂಟು ಸುಮ್ಮನೆ ಬಿಚ್ಚುವುದಿಲ್ಲ. ವಿಧಿ ನಡೆಸಲು ಬಂದಿದ್ದ ಅಯ್ಯನವರು ಸ್ವಲ್ಪ ಮುಖ ಸಿಂಡರಿಸಿದರು, ಆದರೆ ತಡೆಯಲಿಲ್ಲ. ಮಣ್ಣು ಮುಚ್ಚಿ ಮೇಲೆ ಪತ್ರಿ ಹಾಕುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.

ಆಮೇಲೆ ಹಲಗೆಯಲ್ಲಿ ಮೊದಲನೇ ಮೊಳೆ ಖಾಲಿ ಉಳಿಯಿತು. ಹುಲಿಗೆವ್ವ ದಿನಾ ಬೆಳಗ್ಗೆ ‘ಬಸಣ್ಣ ಎಲ್ಲಿ?’ ಎಂದು ಕೇಳುತ್ತಿದ್ದಳು. ಮೊದಮೊದಲು ನಿಜ ಹೇಳಿದೆ. ಹೇಳಿದಾಗಲೆಲ್ಲ ಆಗಷ್ಟೇ ಸುದ್ದಿ ಕೇಳಿದವಳ ಹಾಗೆ ಎದೆ ಬಡಿದುಕೊಂಡು ಅಳುತ್ತಿದ್ದಳು. ದಿನಕ್ಕೊಮ್ಮೆ ಆ ಮುದುಕಿಗೆ ಸಾವಿನ ಸುದ್ದಿ ಮುಟ್ಟಿಸುವ ಪಾಪ ನನಗೆ ಬೇಡವಾಯಿತು. ಒಂದು ದಿನ ‘ಹೊರಗ ಹೋಗ್ಯಾರ’ ಎಂದುಬಿಟ್ಟೆ. ಆಕೆ ಹಲಗೆ ನೋಡಿ, ‘ಹೌದಲ್ಲ, ಬಿಲ್ಲಿ ಇಲ್ಲ’ ಎಂದು ಸಮಾಧಾನವಾಗಿ ಒಳಗೆ ಹೋದಳು. ಅಲ್ಲಿಂದ ದಿನಾ ಅದೇ ಸುಳ್ಳು.

ನನಗೂ ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ತೋರಣಗಲ್ಲಿನ ಕಡೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಗುವ ಹಾಗಿತ್ತು. ರಾಜೀನಾಮೆ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡೆ. ಕ್ಯಾಂಪು ನಡೆಸುವ ಟ್ರಸ್ಟಿನವರು ಒಂದು ಗುರುವಾರ ಸಂಜೆ ಬರುವವರಿದ್ದರು. ಅವರ ಕೈಗೆ ಕೊಟ್ಟು, ಹತ್ತೊಂಬತ್ತನೇ ಬಿಲ್ಲೆಯನ್ನು ಒಪ್ಪಿಸಿ ಹೋಗುವುದೆಂದು ತೀರ್ಮಾನಿಸಿದ್ದೆ. ಬಸಣ್ಣನವರು ಹೋಗಿ ಆಗ ಒಂದೂವರೆ ತಿಂಗಳು.

ಆ ಗುರುವಾರದ ಮಾತು ಇದು. ಬೆಳಗ್ಗೆ ಹುಲಿಗೆವ್ವ ಯಂಕಮ್ಮನ ಜೊತೆ ಹತ್ತಿರದ ಹನುಮಪ್ಪನ ಗುಡಿಗೆ ಹೋಗಿ ಬಂದಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಹಲಗೆ ನೋಡಿದೆ. ಏಳನೇ ಮೊಳೆ ಖಾಲಿ. ಆಕೆ ನನ್ನೆದುರಿಗೇ ಕೂತು ರೊಟ್ಟಿ ಮುರಿಯುತ್ತಿದ್ದಾಳೆ. ಬಿಲ್ಲೆಯನ್ನು ಸೊಂಟದ ಸಂಚಿಯಲ್ಲೇ ಇಟ್ಟುಕೊಂಡು ಮರೆತಿದ್ದಳು.

‘ಹುಲಿಗೆವ್ವಾ, ಬಿಲ್ಲಿ ಹಾಕಿಲ್ಲ ನೋಡು. ಉಂಡು ಎದ್ದ ಕೂಡ್ಲೆ ಹೋಗಿ ಹಾಕು,’ ಎಂದೆ.

‘ಹಾಕ್ತೀನಿ ಬಿಡವಾ, ಎಷ್ಟು ಜೋರು ಮಾಡ್ತಿ,’ ಎಂದಳು.

ಎಲ್ಲರೂ ಮಲಗಿದರು. ನಾನು ಕೋಣೆಯಲ್ಲಿ ಕೂತು ವಾರದ ಮಾತ್ರೆಗಳನ್ನು ಡಬ್ಬಿಗಳಿಗೆ ತುಂಬಿದೆ. ಎರಡೂವರೆಗೆ ಹೊರಗೆ ಬಂದು ಹಲಗೆ ನೋಡಿದೆ. ಏಳನೆಯದು ತನ್ನ ಮೊಳೆಯ ಮೇಲಿತ್ತು. ಸದ್ಯ, ಮುದುಕಿ ಮರೆಯಲಿಲ್ಲ ಎಂದುಕೊಂಡೆ. ಹಲಗೆಯ ಪ್ರಕಾರ ಎಲ್ಲರೂ ಒಳಗಿದ್ದರು. ಮೊದಲನೇ ಮೊಳೆ ಖಾಲಿಯಿತ್ತು. ಖಾಲಿಯಿತ್ತು ಎಂದು ಆಣೆ ಮಾಡಿ ಹೇಳಬಲ್ಲೆ. ಏಕೆಂದರೆ ಹೋಗಿ ಬರುವಾಗ ಆ ಬರಿ ಮೊಳೆಯನ್ನು ಒಮ್ಮೆ ಬೆರಳಿನಿಂದ ಮುಟ್ಟುವುದು ನನಗೆ ರೂಢಿಯಾಗಿಬಿಟ್ಟಿತ್ತು. ಆಗಲೂ ಮುಟ್ಟಿದ್ದೆ.

ಒಳಗೆ ಹೋಗಿ ರಾಜೀನಾಮೆ ಪತ್ರ ತೆಗೆದು ಇನ್ನೊಮ್ಮೆ ಓದಿದೆ. ಹತ್ತು ನಿಮಿಷ ಆಗಿರಬಹುದು. ನೀರು ಕುಡಿಯಲು ವರಾಂಡಕ್ಕೆ ಬಂದೆ. ಮೊದಲನೇ ಮೊಳೆಗೆ ಬಿಲ್ಲೆ ನೇತಾಡುತ್ತಿತ್ತು.

ನನಗೆ ಭಯವಾಯಿತು ಎಂದು ನೀವು ತಿಳಿದರೆ ತಪ್ಪು. ನನಗೆ ಬಂದದ್ದು ಸಿಟ್ಟು. ಕೆಂಡದಂಥ ಸಿಟ್ಟು. ಯಾರೋ ಚೇಷ್ಟೆಗೆ ಹೊಸ ಬಿಲ್ಲೆ ಮಾಡಿ ಹಾಕಿದ್ದಾರೆ, ಸತ್ತ ಮನುಷ್ಯನ ಮೇಲೆ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಕಿತ್ತು ಕೈಗೆ ತೆಗೆದುಕೊಂಡೆ. ಹಿತ್ತಾಳೆ. ಹುಣಸೆಹಣ್ಣಿನಿಂದ ಆಗಷ್ಟೇ ತಿಕ್ಕಿದ ಹಾಗೆ ಥಳಥಳ ಹೊಳೆಯುತ್ತಿತ್ತು, ಇನ್ನೂ ಸ್ವಲ್ಪ ಒದ್ದೆಯಿತ್ತು. ಅಂಕಿಯನ್ನು ಆಗ ಸರಿಯಾಗಿ ನೋಡಲಿಲ್ಲ. ಬಿಲ್ಲೆ ಹಿಡಿದುಕೊಂಡು ಗಂಡಸರ ಕೋಣೆಗೆ ನುಗ್ಗಿದೆ.

‘ಯಾರ್ರಿ ಇದನ್ನ ಹಾಕಿದೋರು? ಏಳ್ರಿ ಎಲ್ಲಾರು! ಮನುಷ್ಯರೇನ್ರಿ ನೀವು?’

ಮೇಷ್ಟ್ರು ಕನ್ನಡಕ ತಡಕುತ್ತ ಎದ್ದು ಕೂತರು. ಬಿಲ್ಲೆ ನೋಡಿ ಬಾಯಿ ಒಣಗಿದವರಂತೆ ತುಟಿ ಸವರಿಕೊಂಡರು. ಯಾರನ್ನು ಕೇಳಿದರೂ ನಮಗೆ ಗೊತ್ತಿಲ್ಲ ಎಂದರು. ಗೊರಕೆ ಹೊಡೆಯುತ್ತಿದ್ದವರನ್ನೂ ಅಲುಗಾಡಿಸಿ ಕೇಳಿದೆ. ಅಲ್ಲಿಂದ ಹೆಂಗಸರ ಕೋಣೆಗೆ ಹೋದೆ. ಒಂದೊಂದೇ ಮಂಚದ ಮುಂದೆ ನಿಂತು ಕೇಳುತ್ತ ಬಂದೆ. ಕಿಟಕಿಯ ಪಕ್ಕದ ಮಂಚ ಹುಲಿಗೆವ್ವನದು. ಅದು ಖಾಲಿಯಿತ್ತು.

ಬಚ್ಚಲಿನಲ್ಲಿ ಇರಲಿಲ್ಲ. ಅಡುಗೆಮನೆಯಲ್ಲಿ ಇರಲಿಲ್ಲ. ಹಗ್ಗದ ಮೇಲೆ ಒಣಹಾಕಿದ್ದ ಟವೆಲು ಇರಲಿಲ್ಲ. ಗೇಟಿನ ಅಗುಳಿ ತೆಗೆದಿತ್ತು.

ಆಗ ನನಗೆ ಹೊಳೆಯಿತು. ಗಣಿಯಲ್ಲಿ ಬಿಲ್ಲೆ ಹಾಕುವುದು ಕೆಲಸಕ್ಕೆ ಇಳಿಯುವಾಗ. ಮನೆಗೆ ಹೋಗುವಾಗ ತೆಗೆದುಕೊಂಡು ಹೋಗುತ್ತಾರೆ. ‘ಬಿಲ್ಲಿ ಹಾಕು’ ಎಂದು ನಾನು ಜೋರು ಮಾಡಿದ್ದೆ. ಆಕೆಯ ಮನಸ್ಸು ಆ ಹೊತ್ತು ಗಣಿಯಲ್ಲಿತ್ತು. ಹಾಜರಿ ಕರೆದರು ಎಂದೇ ತಿಳಿದು, ಹೇಳಿದಂತೆ ಬಿಲ್ಲೆ ಹಾಕಿ ಪಾಳಿಗೆ ಹೊರಟಿದ್ದಳು. ಆ ಬಿಲ್ಲೆ ನೋಡಿಯೇ ನಾನು ಆಕೆ ಒಳಗಿದ್ದಾಳೆಂದು ನಿಶ್ಚಿಂತೆಯಿಂದ ಪತ್ರ ಓದುತ್ತ ಕೂತಿದ್ದೆ. ನಾಲ್ಕು ಗಂಟೆಯ ಚಹಾದವರೆಗೆ ಯಾರೂ ಆಕೆಯನ್ನು ಹುಡುಕುತ್ತಿರಲಿಲ್ಲ. ಆಕೆಯನ್ನು ಕಳಿಸಿದವಳು ನಾನೇ.

ಗೇಟಿನಿಂದ ಹೊರಗೆ ಇರುವುದು ಎರಡೇ ದಾರಿ. ಒಂದು ರಸ್ತೆಗೆ, ಒಂದು ಬಾಳೆತೋಟದ ನಡುವಿನಿಂದ ಕಾಲುವೆಗೆ. ಯಂಕಮ್ಮನನ್ನು ರಸ್ತೆಯ ಕಡೆ ಓಡಿಸಿ ನಾನು ಕಾಲುವೆಯ ಕಡೆ ಓಡಿದೆ. ಚಪ್ಪಲಿ ಎಲ್ಲೋ ಬಿತ್ತು. ಮೇಷ್ಟ್ರು ಹಿಂದಿನಿಂದ ಕೋಲೂರಿಕೊಂಡು ‘ಹುಲಿಗೆವ್ವಾ’ ಎಂದು ಕೂಗುತ್ತ ಬರುತ್ತಿದ್ದರು. ಓಡುತ್ತ ಓಡುತ್ತ, ದೇವರನ್ನು ನಂಬದ ನಾನು ಇದ್ದಬದ್ದ ದೇವರನ್ನೆಲ್ಲ ನೆನೆದೆ.

ಕಾಲುವೆಗೆ ಬಟ್ಟೆ ಒಗೆಯಲೆಂದು ಕಟ್ಟಿದ ಕಲ್ಲಿನ ಮೆಟ್ಟಿಲುಗಳಿವೆ. ತಲೆಯ ಮೇಲೆ ಟವೆಲಿನ ಸಿಂಬೆ ಇಟ್ಟುಕೊಂಡು, ಸೀರೆ ಎತ್ತಿ ಕಟ್ಟಿ, ಹುಲಿಗೆವ್ವ ನೀರೊಳಗಿನ ಮೂರನೇ ಮೆಟ್ಟಿಲ ಮೇಲೆ ನಿಂತಿದ್ದಳು. ನೀರು ಮೊಣಕಾಲಿಗೆ ಬಡಿದು ಸರ್ರೆಂದು ಹರಿಯುತ್ತಿತ್ತು. ಇನ್ನೊಂದು ಮೆಟ್ಟಿಲು ಇಳಿದಿದ್ದರೆ ಆ ಸೆಳೆತಕ್ಕೆ ನನ್ನಂಥವಳೂ ನಿಲ್ಲುತ್ತಿರಲಿಲ್ಲ. ಗಣಿಯ ಗುಂಡಿಗೆ ಇಳಿಯುವ ಮೆಟ್ಟಿಲೆಂದೇ ಇಳಿದಿದ್ದಳು. ಆದರೆ ಇಳಿಯುತ್ತಿರಲಿಲ್ಲ. ಯಾರೋ ನಿಲ್ಲು ಎಂದಂತೆ ನೆಟ್ಟಗೆ ನಿಂತಿದ್ದಳು. ನಾನು ಹೋಗಿ ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡೆ. ಹೋದ ಜೀವ ಬಂದಂತಾಯಿತು. ಇಬ್ಬರೂ ದಂಡೆಯ ಮೇಲೆ ಕುಸಿದು ಕೂತೆವು. ನಾನು ತಬ್ಬಿಕೊಂಡು ಅತ್ತೆ. ಆಕೆಗೆ ಸಿಟ್ಟು ಬಂದಿತ್ತು.

‘ಎಷ್ಟೊತ್ತು ನಿಲ್ಲಿಸ್ತೀರಿ? ಕಾಲು ಸೆಟದು ಹೋದ್ವು,’ ಎಂದು ನನ್ನ ಮೇಲೆ ರೇಗಿದಳು.

‘ಯಾರು ನಿಲ್ಲಿಸಿದ್ರು ನಿನ್ನ?’

‘ಬಸಣ್ಣ. ಇಳ್ಯಾಕ ಹೊಂಟಿದ್ದೆ, ಕೂಗಿದ. ನಿನ್ನ ಹಾಜರಿ ಆಗಿಲ್ಲ ಹುಲಿಗೆವ್ವಾ, ಅಲ್ಲೇ ನಿಂದ್ರು, ಸಿಸ್ಟರವ್ವ ಬರೂತನ ಕೆಳಗ ಇಳಿಬ್ಯಾಡ ಅಂದ.’

ಮರೆವಿನ ಮಾತು ಎಂದುಕೊಂಡೆ. ಆದರೂ ಬಾಯಿ ಸುಮ್ಮನಿರಲಿಲ್ಲ. ‘ಈಗ ಎಲ್ಲದಾರ ಅವರು?’ ಎಂದು ಕೇಳಿದೆ.

‘ಬಿಲ್ಲಿ ಹಾಕಿ ಬರ್ತೀನಿ ಅಂತ ಹೋದ,’ ಎಂದಳು ಹುಲಿಗೆವ್ವ, ಕಾಲು ಉಜ್ಜಿಕೊಳ್ಳುತ್ತ.

ಬಿಲ್ಲೆ ಇನ್ನೂ ನನ್ನ ಎಡಗೈ ಮುಷ್ಟಿಯಲ್ಲೇ ಇತ್ತು. ಓಡುವಾಗಲೂ ಬಿಟ್ಟಿರಲಿಲ್ಲ. ಮುಷ್ಟಿ ಬಿಚ್ಚಿದೆ. ಬಿಸಿಲಿಗೆ ಹಿಡಿದು ಅಂಕಿ ನೋಡಿದೆ. ಚುಕ್ಕೆ ಚುಕ್ಕೆಯ ಒಂದು. ಅದರ ಕೊನೆಗೆ ಇಲಿಯ ಬಾಲದಂಥ ಗೀರು. ನನ್ನ ಸಹಿ. ಭಯ ಎನ್ನುವುದು ನನಗೆ ಬಂದದ್ದು ಆಗ.

ನಾವು ಎದ್ದು ಬಂದ ಅರ್ಧ ಗಂಟೆಗೆ ಕಾಲುವೆಗೆ ನೀರು ಹೆಚ್ಚಾಗಿ ಬಂದು ಆ ಮೆಟ್ಟಿಲುಗಳೆಲ್ಲ ಮುಳುಗಿದವು ಎಂದು ತೋಟದವರು ಹೇಳಿದರು. ಸಂಜೆ ಟ್ರಸ್ಟಿನವರು ಬಂದು ಹೋದರು. ನಾನು ಪತ್ರ ಕೊಡಲಿಲ್ಲ. ಅದರ ಹಿಂಬದಿಯಲ್ಲಿ ಯಂಕಮ್ಮ ಮರುದಿನ ಸಂತೆಯ ಸಾಮಾನಿನ ಚೀಟಿ ಬರೆದಳು. ಅಂದು ಸಂಜೆ ಕಬ್ಬಿಣದ ಕುರ್ಚಿಯ ಮೇಲೆ ನಾನು ಕೂತೆ. ಅಂದಿನಿಂದ ದಿನಾ ಕೂರುತ್ತೇನೆ. ಗೇಟಿಗೆ ಹುಲಿಗೆವ್ವನ ಕೈಗೆ ಸಿಗದಷ್ಟು ಎತ್ತರಕ್ಕೆ ಇನ್ನೊಂದು ಅಗುಳಿಯನ್ನೂ ಹಾಕಿಸಿದೆ. ಸತ್ತವರ ಮೇಲೆ ಎಷ್ಟು ಅಂತ ಭಾರ ಹಾಕುವುದು?

ನೀವು ಕೇಳುವುದನ್ನೆಲ್ಲ ನಾನು ಕೇಳಿಕೊಂಡಿದ್ದೇನೆ. ಮಣ್ಣು ಮಾಡುವ ಮೊದಲು ಯಾರಾದರೂ ಬಿಲ್ಲೆ ತೆಗೆದುಕೊಂಡರೇ? ನನ್ನ ಗಂಟು ಬಿಚ್ಚಿದ್ದನ್ನು ಕಂಡಿಲ್ಲ, ಆ ಕೈ ಮಣ್ಣಿನೊಳಗೆ ಹೋಗುವವರೆಗೆ ನನ್ನ ಕಣ್ಣು ಅದರ ಮೇಲೇ ಇತ್ತು. ಬಸಣ್ಣನವರು ಗುಟ್ಟಾಗಿ ಎರಡು ಮಾಡಿಟ್ಟಿದ್ದರೇ? ಹೊಸಪೇಟೆಯ ಪಾತ್ರೆ ಅಂಗಡಿಗೆ ಹೋಗಿ ವಿಚಾರಿಸಿದೆ. ಕತ್ತರಿಸಿದ್ದು ಹತ್ತೊಂಬತ್ತೇ, ಉಳಿದದ್ದು ಬರೀ ಚೂರು ಎಂದರು. ಒಂದು ವೇಳೆ ಎರಡಿದ್ದರೂ, ನಾನು ಮೇಜಿಗೆ ತಾಗಿಸಿದ್ದು ಒಂದೇ ಸಲ. ಹುಲಿಗೆವ್ವನ ಸಂಚಿಯಲ್ಲಿತ್ತೇ? ಇದ್ದರೂ, ನಾನು ಎರಡೂವರೆಗೆ ಮೊಳೆ ಮುಟ್ಟಿದಾಗ ಆಕೆ ಆಗಲೇ ಗೇಟು ದಾಟಿದ್ದಳು. ತಾನು ಹಾಕಿಲ್ಲ ಎಂದು ಯಂಕಮ್ಮ ತನ್ನ ಮಕ್ಕಳ ಮೇಲೆ ಆಣೆ ಮಾಡಿದಳು. ಮಲಗಿದ್ದವರಲ್ಲಿ ಯಾರಾದರೂ ಎದ್ದು ಬಂದು ಹಾಕಿದರೆಂದರೆ, ಎಲ್ಲಿಂದ ತಂದರು? ಸಮಾಧಿ ಅಗೆದು ನೋಡೋಣವೇ ಎಂದು ಒಬ್ಬರು ಅಂದರು. ಅಷ್ಟು ಹುಚ್ಚು ನನಗಿಲ್ಲ. ಅಗೆದು, ಕೈ ಖಾಲಿಯಿದ್ದರೆ ಏನು ಮಾಡಲಿ? ಖಾಲಿ ಇಲ್ಲದಿದ್ದರೆ ಏನು ಮಾಡಲಿ?

ಹಾಗೆಂದು ನಾನು ದೆವ್ವಗಳನ್ನು ನಂಬತೊಡಗಿದ್ದೇನೆ ಎಂದು ತಿಳಿಯಬೇಡಿ. ಈಗಲೂ ಯಾರಾದರೂ ಬೇವಿನ ಮರದ ಕೆಳಗೆ ಏನೋ ಕಂಡೆ ಎಂದರೆ ಬೈಯುತ್ತೇನೆ. ನಾನು ನಂಬದಿದ್ದರೂ ಬಿಲ್ಲೆ ನನ್ನ ಕೈಯಲ್ಲಿತ್ತು. ಇಷ್ಟನ್ನು ಮಾತ್ರ ಹೇಳಬಲ್ಲೆ. ಇದಕ್ಕೆ ಮುಂದೆ ನನ್ನ ಬುದ್ಧಿ ಓಡುವುದಿಲ್ಲ.

ಬಿಲ್ಲೆಯನ್ನು ಮೊದಲನೇ ಮೊಳೆಗೇ ಹಾಕಿದೆ. ಮರುದಿನ ಬೆಳಗ್ಗೆ ಹುಲಿಗೆವ್ವ ಎದ್ದು ಬಂದು, ಹಲಗೆ ನೋಡಿ, ‘ಬಸಣ್ಣ ಬಂದಾನ’ ಎಂದು ಹೇಳಿ ಚಹಾ ಕುಡಿಯಲು ಹೋದಳು. ‘ಬಸಣ್ಣ ಎಲ್ಲಿ’ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆಕೆ ಇನ್ನೂ ಮೂರು ವರ್ಷ ಚೆನ್ನಾಗಿ ಬದುಕಿ, ತನ್ನ ಮಂಚದ ಮೇಲೆಯೇ, ನನ್ನ ಕೈ ಹಿಡಿದು ಹೋದಳು. ಏಳನೇ ಬಿಲ್ಲೆಯನ್ನು ನಾನೇ ತಿರುವಿ ಹಾಕಿದೆ. ಅವತ್ತು ಮೊದಲನೆಯದನ್ನೂ ತಿರುವಲೆಂದು ಕೈ ಎತ್ತಿದ್ದೆ. ಎತ್ತಿದ ಕೈ ಹಾಗೆಯೇ ಇಳಿಯಿತು. ಹಲಗೆಯ ನಿಯಮ ನಿಮಗೆ ಗೊತ್ತೇ ಇದೆ, ಬಿಲ್ಲೆ ಮೊಳೆಯ ಮೇಲಿದ್ದರೆ ಮನುಷ್ಯ ಒಳಗಿದ್ದಾನೆ.

ಈಗಲೂ ಸಂಜೆ ಕಡೆಯ ಬಿಲ್ಲೆ ಬರುವವರೆಗೆ ಏಳುವುದಿಲ್ಲ. ಅದು ಬಂದ ಮೇಲೆ ನನ್ನ ಹತ್ತೊಂಬತ್ತನೆಯದನ್ನು ತೆಗೆದುಕೊಂಡು ಬಸ್ಸಿಗೆ ಹೊರಡುತ್ತೇನೆ. ಗೇಟಿನ ಹತ್ತಿರ ಒಮ್ಮೆ ನಿಂತು, ‘ನಾ ಹೊಂಟೆ ಬಸಣ್ಣಾರೇ, ನೋಡ್ಕೊಳ್ರಿ’ ಎನ್ನುತ್ತೇನೆ. ಯಾರಿಗೆ ಹೇಳುತ್ತೀ ಎಂದು ಕ್ಯಾಂಪಿನಲ್ಲಿ ಯಾರೂ ಕೇಳುವುದಿಲ್ಲ. ನೀವೂ ಕೇಳಬೇಡಿ.